ಪೋಲೆಂಡಿನ ಪೊಲೀಸು, ಪಾಂಡವಪುರದ ಅಪ್ಪ

ಶನಿವಾರ ರಾತ್ರಿ ಊಟ ಆದ್ಮೇಲೆ ಏನು ನೋಡೋದು ಅನ್ನೋದು ಈಗ ಎಲ್ಲರ ಮನೆ ಸಮಸ್ಯೆ. ಮುಕ್ಕಾಲು ಗಂಟೆ ರಿಮೋಟ್ ಒತ್ತಿ, ಮೂರು ಟ್ರೇಲರ್ ನೋಡಿ, ಕೊನೆಗೆ ಏನೂ ನೋಡದೆ ಮಲಗೋರ ಪೈಕಿ ನಾನೂ ಒಬ್ಬಳು. ಆದ್ರೆ ಅವತ್ತು ಮನೇಲಿ ಅಪ್ಪ ಇದ್ದ. ಎಡಗಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು, ಬಲಗಣ್ಣಿಗೆ ಸೋಮವಾರ ಡೇಟು ಸಿಕ್ಕಿತ್ತು. ಅದಕ್ಕೇ ಪಾಂಡವಪುರದಿಂದ ಬಂದಿದ್ದ. "ಯಾವ್ದಾದ್ರೂ ಪೊಲೀಸ್ ಪಿಚ್ಚರ್ ಹಾಕವ್ವ, ಹೊಸ ಕಣ್ಣಲ್ಲಿ ಹೆಂಗೆ ಕಾಣ್ತದೆ ನೋಡನ" ಅಂದ.

ಹಾಕಿದ್ದು ಪೋಲೆಂಡಿನ 'ಪಿಟ್‌ಬುಲ್'. 2021ರ ಸಿನಿಮಾ, ನಿರ್ದೇಶಕ ಪಾತ್ರಿಕ್ ವೇಗಾ. ಗೆಬೆಲ್ಸ್ ಅನ್ನೋ ಅಡ್ಡಹೆಸರಿನ ವಯಸ್ಸಾದ ಪೊಲೀಸು, ಎದುರಿಗೆ ಗ್ಯಾಂಗ್‌ಸ್ಟರ್‌ಗಳು, ಬೆನ್ನ ಹಿಂದೆ ಸರಿಯಾಗಿ ನಿಭಾಯಿಸೋಕಾಗದ ಮನೆ. ಕಥೆ ಹೇಳಿ ನಿಮ್ಮ ಮಜಾ ಕೆಡಿಸಲ್ಲ. ಆಂಜೆಯ್ ಗ್ರಾಬೋವ್ಸ್ಕಿ ಅನ್ನೋ ನಟ 2005ರ ಮೊದಲ 'ಪಿಟ್‌ಬುಲ್'ನಿಂದಲೂ ಇದೇ ಪಾತ್ರ ಮಾಡ್ಕೊಂಡು ಬಂದಿದ್ದಾನೆ. ಹಾಗಾಗಿ ಆ ಮುಖದ ಸುಸ್ತು ಮೇಕಪ್ಪಿನಿಂದ ಬಂದದ್ದಲ್ಲ ಅಂತ ನಂಗನ್ನಿಸ್ತು. ಸಬ್‌ಟೈಟಲ್ ಇಂಗ್ಲಿಷಿನಲ್ಲಿ. ನಾನು ಓದಿ ಕನ್ನಡದಲ್ಲಿ ಹೇಳ್ತಾ ಹೋದೆ, ಅಪ್ಪ ನೋಡ್ತಾ ಹೋದ.

ಅಪ್ಪಂದು 38 ವರ್ಷದ ಸರ್ವಿಸು. ಪಿಸಿಯಾಗಿ ಸೇರಿ, ದಫೇದಾರ್ ಆಗಿ, ಎಎಸ್‌ಐ ಆಗಿ ರಿಟೈರ್ ಆದೋನು. ಅಂಥೋನ ಪಕ್ಕ ಕೂತು ಥ್ರಿಲ್ಲರ್ ನೋಡೋದು ಒಂದು ಶಿಕ್ಷೆ. ಹೆಣ ಬಿದ್ದ ತಕ್ಷಣ "ಮಹಜರು ಯಾರು ಮಾಡ್ತಾರೆ? ಪಂಚರೇ ಇಲ್ವಲ್ಲ" ಅಂದ. ಗುಂಡು ಹಾರಿದಾಗ "ಇಷ್ಟೊಂದು ಹಾರ್ಸವ್ನೆ, ಲೆಕ್ಕ ಯಾರು ಕೊಡ್ತಾರೆ?" ಅಂದ. ಅವನ ಪ್ರಕಾರ ಪೊಲೀಸ್ ಕೆಲಸ ಅಂದ್ರೆ ಮುಕ್ಕಾಲು ಪಾಲು ಬರೆಯೋದು, ಉಳಿದಿದ್ದು ನಿಂತ್ಕೊಳೋದು. ಸಿನಿಮಾದೋರಿಗೆ ಎರಡೂ ಬೇಡ, ಓಡೋದೊಂದೇ ಬೇಕು.

ಮಧ್ಯದಲ್ಲಿ ಪಾಸ್ ಮಾಡಿ ಒಂದು ವಿಷಯ ಹೇಳ್ದೆ. ಪೋಲಿಷ್ ಆಡುಮಾತಲ್ಲಿ ಪೊಲೀಸಿಗೆ ನಾಯಿ ಅಂತಾರೆ, ಬೈಗುಳ ಅದು. ಅಲ್ಲಿ ಕಮ್ಯುನಿಸ್ಟ್ ಸರ್ಕಾರ ಬಿದ್ದ ಮೇಲೆ, 1990ರಲ್ಲಿ, ಹಳೇ ಗುಪ್ತ ಪೊಲೀಸ್ ದಳ ಮುಚ್ಚಿದರು. ಅದರಲ್ಲಿದ್ದೋರನ್ನ ಜರಡಿ ಹಿಡಿದು ಕೆಲವರನ್ನ ಇಟ್ಕೊಂಡರು, ಉಳಿದೋರನ್ನ ಮನೆಗೆ ಕಳಿಸಿದರು. ಅಂಥ ಪೊಲೀಸರ ಕಥೆ ಇಟ್ಕೊಂಡು ವ್ವಾದಿಸ್ವಾಫ್ ಪಾಸಿಕೋವ್ಸ್ಕಿ 1992ರಲ್ಲಿ ಒಂದು ಸಿನಿಮಾ ಮಾಡಿದ. ಹೆಸರು 'ಪ್ಸಿ'. ಅಂದ್ರೆ ನಾಯಿಗಳು. ಅಲ್ಲಿನ ಗ್ಯಾಂಗ್‌ಸ್ಟರ್ ಸಿನಿಮಾಗಳಿಗೆಲ್ಲ ಅದು ಅಜ್ಜ ಇದ್ದಂಗೆ. ಈ ಪಿಟ್‌ಬುಲ್ ಕೂಡ ಅದೇ ನಾಯಿಯ ಇನ್ನೊಂದು ತಳಿ.

ಅಪ್ಪ ನಕ್ಕ. "ನಮ್ಮ ಕಡೆ ನಾಯಿ ಅಂದ್ರೆ ನಿಯತ್ತು ಅಂತಾರೆ. ಬೈಗುಳ ಯಾಕಾಯ್ತದೆ?" ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಯಾರ ನಿಯತ್ತು ಅನ್ನೋದೇ ಕಷ್ಟ" ಅಂತ ಸೇರಿಸಿದ.

ಗೆಬೆಲ್ಸ್ ಮನೆಯ ವಿಷಯ ಮೇಲೆ ಬಂದಾಗ ಅಪ್ಪನ ಕಾಮೆಂಟರಿ ನಿಂತೋಯ್ತು. ಎದ್ದು ಅಡಿಗೆಮನೆಗೆ ಹೋಗಿ ನೀರು ಕುಡಿದು, ಬಾಗಿಲಲ್ಲೇ ನಿಂತು ಉಳಿದಿದ್ದನ್ನ ನೋಡಿದ. ನಮ್ಮಪ್ಪ ನಿಂತ್ಕೊಂಡು ಟಿವಿ ನೋಡಿದ್ದು ನಂಗೆ ನೆನಪಿರೋ ಹಾಗೆ ಅದೇ ಮೊದಲು.

ಡ್ಯೂಟಿ ಮತ್ತೆ ಮನೆ ನಡುವೆ ಸಿಕ್ಕಿಹಾಕಿಕೊಂಡ ಪೊಲೀಸು ಅನ್ನೋ ಕಥೆ ನಮಗೇನೂ ಹೊಸದಲ್ಲ. ಮಂಡ್ಯದೋರಿಗಂತೂ ಅದು ಅಂಬರೀಶ್ ಮುಖದಲ್ಲೇ ಗೊತ್ತು. 1981ರ 'ಅಂತ'. ಎಚ್.ಕೆ. ಅನಂತರಾವ್ 'ಸುಧಾ'ದಲ್ಲಿ ಬರೆದ ಧಾರಾವಾಹಿಯನ್ನ ರಾಜೇಂದ್ರಸಿಂಗ್ ಬಾಬು ಸಿನಿಮಾ ಮಾಡಿದ್ದು. ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್, ತನ್ನ ಹಾಗೇ ಇರೋ ಕನ್ವರ್‌ಲಾಲ್ ಅನ್ನೋ ಪಾತಕಿಯ ವೇಷದಲ್ಲಿ ಗ್ಯಾಂಗಿನೊಳಗೆ ಸೇರ್ಕೋತಾನೆ. ಬಸುರಿ ಹೆಂಡತಿಗೆ ಕಣ್ಣೆದುರೇ ಹಿಂಸೆ ಕೊಡ್ತಿದ್ರೂ ಕನ್ವರ್‌ಲಾಲ್ ಆಗೇ ಇರಬೇಕು, ಕಣ್ಣು ಕೂಡ ಒದ್ದೆ ಆಗಬಾರದು. ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆಯ ಹುಡುಗನನ್ನ ಸ್ಟಾರ್ ಮಾಡಿದ್ದು ಆ ಸಿನಿಮಾ. ತಮಾಷೆ ನೋಡಿ, ಅದರ ಫೇಮಸ್ ಡೈಲಾಗಲ್ಲೂ ಎದುರಿನೋನನ್ನ ಬೈಯೋದು ನಾಯಿ ಅಂತಲೇ. ಈಚೆಗೆ, 2019ರಲ್ಲಿ ಹೇಮಂತ್ ರಾವ್ ಮಾಡಿದ 'ಕವಲುದಾರಿ'ಯ ಹೆಸರೇ ಹೇಳೋ ಹಾಗೆ, ಅಲ್ಲೂ ಅದೇ ಕವಲು. ಅನಂತ್ ನಾಗ್ ಮಾಡಿದ ಮುತ್ತಣ್ಣ ಅನ್ನೋ ನಿವೃತ್ತ ಪೊಲೀಸು ಮುಗಿಯದ ಕೇಸನ್ನೂ ಕಳ್ಕೊಂಡ ಮನೆಯನ್ನೂ ಒಟ್ಟಿಗೇ ಹೊತ್ಕೊಂಡು ಬದುಕ್ತಿರ್ತಾನೆ.

ಆದ್ರೆ ಇವೆಲ್ಲದರಲ್ಲೂ ಮನೆ ಅಂದ್ರೆ ಹೆಂಡತಿ, ಮಕ್ಕಳು, ಅಷ್ಟೇ. ನಾನು ಕಂಡ ಪೊಲೀಸ್ ಬದುಕಿನಲ್ಲಿ ಮನೆ ಅಷ್ಟು ಚಿಕ್ಕದಿರಲಿಲ್ಲ.

ದೊಡ್ಡ ಸಾಹೇಬರುಗಳು ಎಲ್ಲಿಂದಲೋ ಬಂದು ಎರಡು ವರ್ಷ ಇದ್ದು ಹೋಗ್ತಾರೆ. ಕಾನ್‌ಸ್ಟೇಬಲ್‌ಗಳ ವರ್ಗಾವಣೆ ಸಾಮಾನ್ಯವಾಗಿ ಜಿಲ್ಲೆಯೊಳಗೇ. ಅಪ್ಪನ ಸರ್ವಿಸು ಹೆಚ್ಚುಕಮ್ಮಿ ನಾಗಮಂಗಲ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ, ಪಾಂಡವಪುರ ಈ ನಾಲ್ಕೇ ತಾಲ್ಲೂಕಲ್ಲಿ ಮುಗಿದುಹೋಯ್ತು. ಕಂದಾಯದ ಲೆಕ್ಕದಲ್ಲಿ ನಾಲ್ಕೂ ಪಾಂಡವಪುರ ಉಪವಿಭಾಗ. ನಮ್ಮ ಲೆಕ್ಕದಲ್ಲಿ ನಾಲ್ಕೂ ನೆಂಟರ ಊರು. ನಾಗಮಂಗಲದಲ್ಲಿ ಅಪ್ಪನ ಚಿಕ್ಕಪ್ಪಂದಿರು, ಮಳೆ ನಂಬಿ ರಾಗಿ ಬೆಳೆಯೋರು. ಕೆ.ಆರ್. ಪೇಟೆ ಕಡೆ ಅತ್ತೆ. ಪಾಂಡವಪುರ ತಾಲ್ಲೂಕಿನ ವಿ.ಸಿ. ನಾಲೆ ಬಯಲಲ್ಲಿ ಅಮ್ಮನ ತವರು, ಭತ್ತ ಕಬ್ಬಿನೋರು. ಹೀಗಿರುವಾಗ ಠಾಣೆಗೆ ಬರೋ ಪ್ರತಿ ಮೂರನೇ ಗಲಾಟೆಯಲ್ಲೂ ಒಬ್ಬ ನೆಂಟ ಇರ್ತಿದ್ದ. ಬದು ಒತ್ತಿದೋನು ಒಬ್ಬ ಷಡ್ಡಕ, ಒತ್ತಿಸ್ಕೊಂಡೋನು ಇನ್ನೊಬ್ಬ ಷಡ್ಡಕ. "ನಮ್ಮೋರೊಬ್ರು ಸ್ಟೇಷನ್ನಲ್ಲವ್ರೆ" ಅಂತ ಇಬ್ಬರೂ ಧೈರ್ಯವಾಗಿ ಬರೋರು, ಇಬ್ಬರೂ ಬೈಕೊಂಡು ಹೋಗೋರು.

ಅಮ್ಮನ ತಮ್ಮ, ನಮ್ಮ ಮಾವ, ರೈತ ಸಂಘದೋನು. ಪುಟ್ಟಣ್ಣಯ್ಯನವರ ಕ್ಯಾತನಹಳ್ಳಿ ಇರೋದು ಅದೇ ತಾಲ್ಲೂಕಲ್ಲಿ. ಆ ಕಡೆ ಮನೆಗೊಂದು ಹಸಿರು ಟವಲ್ ಇರ್ತಿದ್ದ ಕಾಲ. ಸಂಘ ಜೋರಾಗಿದ್ದ ಊರುಗಳಲ್ಲಿ ಅಪ್ಪಣೆ ಇಲ್ಲದೆ ಸರ್ಕಾರಿ ಅಧಿಕಾರಿಗಳು ಒಳಗೆ ಬರಬಾರದು ಅಂತ ಬೋರ್ಡು ಹಾಕ್ತಿದ್ರಲ್ಲ, ಅಮ್ಮನ ಊರಿನ ಬಾಗಿಲಲ್ಲೂ ಅದು ಇತ್ತು. ಅಪ್ಪ ಡ್ಯೂಟಿ ಮುಗಿಸಿ ಯೂನಿಫಾರಂನಲ್ಲೇ ಅತ್ತೆ ಮನೆಗೆ ಹಬ್ಬಕ್ಕೆ ಹೋದಾಗ ಮಾವ ಬೋರ್ಡಿನ ಹತ್ರ ಅಡ್ಡ ನಿಂತು, "ಭಾವ, ಬಟ್ಟೆ ಬಿಚ್ಚಿಟ್ಟು ಬನ್ನಿ, ಇಲ್ಲಾಂದ್ರೆ ಅರ್ಜಿ ಕೊಡಿ" ಅಂತ ರೇಗಿಸೋನು. ಅಪ್ಪ ನಗ್ತಾ ಶರ್ಟಿನ ಮೇಲೆ ಟವಲ್ ಹೊದ್ಕೊಂಡು ಒಳಗೆ ಹೋಗೋನು. ಖಾಕಿ ಮೇಲೆ ಹಸಿರು. ನಾವು ಮಕ್ಕಳು ಚಪ್ಪಾಳೆ ತಟ್ಟೋವು.

ಆ ನಗು 2002ರಲ್ಲಿ ಮುಗೀತು. ಕಾವೇರಿ ಗಲಾಟೆ ಜೋರಾದ ವರ್ಷ. ಮಳೆ ಇಲ್ಲ, ಕೆ.ಆರ್.ಎಸ್.ನಲ್ಲಿ ನೀರಿಲ್ಲ, ಇರೋದನ್ನ ತಮಿಳುನಾಡಿಗೆ ಬಿಡಬೇಕು ಅಂತ ಆದೇಶ. ನಮ್ಮ ಕಡೆ ಮಕ್ಕಳಿಗೆ ಮಗ್ಗಿಗಿಂತ ಮೊದಲು ಗೊತ್ತಾಗೋ ಸಂಖ್ಯೆ 124.80, ಕಟ್ಟೆ ತುಂಬಿದಾಗಿನ ಅಡಿ. ಆ ವರ್ಷ ಆ ಸಂಖ್ಯೆ ಯಾರ ಬಾಯಲ್ಲೂ ಇರಲಿಲ್ಲ. ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಬೆಂಗಳೂರಿನಿಂದ ಮಂಡ್ಯಕ್ಕೆ ಪಾದಯಾತ್ರೆನೇ ಮಾಡಿದರು. ರಸ್ತೆ ತಡೆ, ಬಂದ್, ಬಂದೋಬಸ್ತ್. ಅಪ್ಪ ನಾಲ್ಕು ದಿನಕ್ಕೊಮ್ಮೆ ಬಂದು ಬಟ್ಟೆ ಬದಲಾಯಿಸಿ ಹೋಗೋನು. ನಂಗಾಗ 12 ವರ್ಷ.

ಒಂದು ದಿನ ಒಂದು ಕಡೆ ಲಾಠಿ ಬೀಸಿದರು. ಆ ಸಾಲಿನಲ್ಲಿ ಅಪ್ಪ ಇದ್ದ. ಎದುರಿಗೆ ಗುಂಪಲ್ಲಿ ಮಾವ ಇದ್ದ. ಸಂಜೆ ಸುದ್ದಿ ಬಂತು: ಮಾವನ ಎಡಗೈ ಮುರಿದಿದೆ.

ಅಮ್ಮ ಅವತ್ತು ರಾತ್ರಿ ಬಾಗಿಲಲ್ಲೇ ನಿಂತು ಕೇಳಿದ್ದು ಒಂದೇ ಮಾತು. "ನೀವೇನಾ ಹೊಡೆದಿದ್ದು?" ಅಪ್ಪ ಲಾಠಿಯನ್ನ ಬಾಗಿಲ ಹಿಂದೆ ಇಟ್ಟ, ಬೆಲ್ಟು ಬಿಚ್ಚಿದ, ಉತ್ತರ ಕೊಡಲಿಲ್ಲ. ಉತ್ತರ ಕೊಡದೇ ಇದ್ದಿದ್ದನ್ನ ಅಮ್ಮ ಹೌದು ಅಂತ ತಿಳ್ಕೊಂಡಳು. ನಾನೂ ಹಾಗೇ ತಿಳ್ಕೊಂಡೆ. ಮಾವ ನಾಟಿ ವೈದ್ಯರ ಹತ್ರ ಕಟ್ಟು ಹಾಕಿಸ್ಕೊಂಡ, ಕೈ ಕೂಡಿತು, ಆದ್ರೆ ಸ್ವಲ್ಪ ಸೊಟ್ಟಗೆ. ಯಾರು ಹೊಡೆದದ್ದು ಅಂತ ಅವನಿಗೂ ಗೊತ್ತಿರಲಿಲ್ಲ, ಏಟು ಹಿಂದಿನಿಂದ ಬಿದ್ದಿತ್ತು. ಆದ್ರೂ ನಮ್ಮ ಮನೆಗೆ ಬರೋದು ಬಿಟ್ಟ. ಎಷ್ಟೋ ವರ್ಷ ಆದ್ಮೇಲೆ ಅವನ ಮಗಳ ಮದುವೆಗೆ ಕರೆಯೋಕೆ ಬಂದಾಗ ಹಜಾರದಲ್ಲಿ ಕೂತು, ಅದೇ ಕೈಯಲ್ಲಿ ಕಾಫಿ ಲೋಟ ಹಿಡಿದು ಕುಡಿದ. ಯಾರೂ ಏನೂ ಮಾತಾಡಲಿಲ್ಲ. ಹಳ್ಳಿ ಕಡೆ ರಾಜಿ ಆಗೋದು ಹಂಗೇ.

ಸರಿ, ಪಿಟ್‌ಬುಲ್ ಮುಗೀತು. ಹೆಸರುಗಳು ಓಡ್ತಿದ್ವು. ಇಪ್ಪತ್ತು ವರ್ಷ ಬಾಯಲ್ಲಿಟ್ಕೊಂಡಿದ್ದ ಪ್ರಶ್ನೆ ನಂಗೆ ಅವತ್ತು ಸಲೀಸಾಗಿ ಬಂದುಬಿಡ್ತು. "ಅಪ್ಪ, ಮಾವಂಗೆ ನೀನೇನಾ ಹೊಡೆದಿದ್ದು?"

ಅಪ್ಪ ಬಂದು ಸೋಫಾದಲ್ಲಿ ಕೂತ. ನೇರ ಉತ್ತರ ಹೇಳೋ ಅಭ್ಯಾಸ ಪೊಲೀಸರಿಗಿಲ್ಲ. "ಶಕೀಲ್ ಸಾಹೇಬ್ರ ತಂದೆ ನೆನಪವ್ರಾ ನಿಂಗೆ? ಅಬ್ದುಲ್ ಕರೀಂ ಅಂತ" ಅಂದ.

ನೆನಪಿತ್ತು. ನಿಮ್ಮಲ್ಲಿ ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳ್ತೀನಿ. 1992ರ ಆಗಸ್ಟ್ 14, ಸ್ವಾತಂತ್ರ್ಯ ದಿನದ ಹಿಂದಿನ ದಿನ. ವೀರಪ್ಪನ್ ಹಿಡಿಯೋಕೆ ಅಂತ ಕೊಳ್ಳೇಗಾಲ ಕಡೆಯ ಮೀಣ್ಯಂ ಕಾಡಿಗೆ ಹೋದ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್, ಜೊತೆಗಿದ್ದ ಸಿಬ್ಬಂದಿ ಹೊಂಚುದಾಳಿಯಲ್ಲಿ ಸತ್ತರು. ಎಂಟು ವರ್ಷ ಆದ್ಮೇಲೆ, 2000ನೇ ಇಸವಿ ಜುಲೈ 30ರ ರಾತ್ರಿ, ಅದೇ ವೀರಪ್ಪನ್ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನ ಅಪಹರಿಸಿದ. ಅವನ ಬೇಡಿಕೆಗಳಲ್ಲಿ ಒಂದು, ಮೈಸೂರು ಜೈಲಲ್ಲಿದ್ದ ಟಾಡಾ ಬಂಧಿಗಳನ್ನ ಬಿಡಬೇಕು ಅಂತ. ಸರ್ಕಾರ ಮೊಕದ್ದಮೆ ವಾಪಸ್ ತಗೊಳೋಕೆ ಹೊರಟಿತು. ಆಗ ಸುಪ್ರೀಂ ಕೋರ್ಟಿಗೆ ಹೋಗಿ ಹಾಗೆ ಮಾಡಬೇಡಿ ಅಂದವರು ಅಬ್ದುಲ್ ಕರೀಂ. ಅವರೂ ನಿವೃತ್ತ ಪೊಲೀಸ್ ಅಧಿಕಾರಿ. ಸತ್ತ ಶಕೀಲ್ ಅಹಮದ್ ಅವರ ಮಗ.

ನಾವಾಗ ಶ್ರೀರಂಗಪಟ್ಟಣದ ಕ್ವಾರ್ಟರ್ಸಿನಲ್ಲಿದ್ವಿ. ಅಪ್ಪ ಅಣ್ಣಾವ್ರ ಭಕ್ತ. ಪರ್ಸಿನಲ್ಲಿ ನಮ್ಮ ಫೋಟೋ ಇರಲಿಲ್ಲ, ಅವರದ್ದಿತ್ತು. ಕರೀಂ ಅರ್ಜಿ ಹಾಕಿದ ಸುದ್ದಿ ಬಂದಾಗ ನಮ್ಮ ವಠಾರದಲ್ಲಿ ಅವರನ್ನ ಬೈದೋರಲ್ಲಿ ಅಪ್ಪನೇ ಮೊದಲಿಗ. "ಅಣ್ಣಾವ್ರು ಕಾಡಲ್ಲವ್ರೆ, ಈಗ ಕೋರ್ಟು ಕಚೇರಿ ಬೇಕಿತ್ತಾ?" ಅಂತ ಕೂಗಾಡಿದ್ದು ನಂಗೆ ಚೆನ್ನಾಗಿ ನೆನಪಿದೆ. ನವೆಂಬರ್ 7ರಂದು ಸುಪ್ರೀಂ ಕೋರ್ಟು ಕರೀಂ ಅವರ ಮಾತೇ ಸರಿ ಅಂತು, ಮೊಕದ್ದಮೆ ಹಿಂತೆಗೆತ ನಡೆಯಲ್ಲ ಅಂತು. ಒಂದು ವಾರ ಕಳೆದು, ನವೆಂಬರ್ 15ಕ್ಕೆ, 108 ದಿನ ಆದ್ಮೇಲೆ ಅಣ್ಣಾವ್ರು ಬಿಡುಗಡೆ ಆದರು. ಊರೆಲ್ಲ ಪಟಾಕಿ. ಆ ಬಂಧಿಗಳಲ್ಲೂ ಹೆಚ್ಚಿನವರು ಕಾಡಂಚಿನ ಬಡವರು, ಮುಂದಿನ ವರ್ಷ ವಿಚಾರಣೆ ಮುಗಿದಾಗ ಬಹುಪಾಲು ಜನ ಖುಲಾಸೆ ಆದರು. ಅಷ್ಟು ವರ್ಷ ಒಳಗೇ ಇದ್ದು.

"ಅವತ್ತು ಆ ಮನುಷ್ಯನ್ನ ಬಾಯಿಗ್ ಬಂದಂಗೆ ಬೈದ್‌ಬುಟ್ಟೆ" ಅಂದ ಅಪ್ಪ. "ಆಮ್ಯಾಕೆ ಯೋಚ್ನೆ ಮಾಡ್ದೆ. ಆವಯ್ಯ ಏನ್ ಕೇಳ್ದ? ನಿಮ್ಮೋರು ಮನೆಗೆ ಬರ್ಲಿ ಅಂತ ನಮ್ಮೋರ ಸಾವ್ನ ಲೆಕ್ಕದಿಂದ ತೆಗೀಬ್ಯಾಡಿ ಅಂದ. ಅಷ್ಟೇಯ. ನಮ್ಗೆ ನಮ್ಮೋರು ಕಂಡ್ರು, ಆವಯ್ಯನ ಮಗ ಕಾಣ್ನಿಲ್ಲ."

ಸ್ವಲ್ಪ ಹೊತ್ತು ಫ್ಯಾನ್ ಸದ್ದು.

"ನಿಮ್ಮಾವನ್ಗೆ ನಾನು ಹೊಡೀನಿಲ್ಲ ಮಗಾ. ಎದುರ್ಗೇ ಇದ್ದ, ನೋಡ್ದೆ. ಅವ್ನೂ ನೋಡ್ದ. ಕೈ ಎತ್ತಾಗಿತ್ತು. ಹಿಂದ್ಗಡೆಯಿಂದ ಸಾಹೇಬ್ರು ನುಗ್ಗಿ ನುಗ್ಗಿ ಅಂತಿದ್ರು. ಎತ್ತಿದ್ ಕೈ ಎಲ್ಲಾದ್ರೂ ಇಳೀಬೇಕಲ್ಲ. ಪಕ್ಕದಾಗೆ ಒಬ್ಬ ಹುಡುಗ ಇದ್ದ. ಹದ್ನೆಂಟು, ಹತ್ತೊಂಬತ್ತು ಇರ್ಬೌದು. ಅವ್ನ ಮೊಣಕಾಲಿಗೆ ಹೊಡ್ದೆ. ಬಿದ್ದ. ಬಿದ್ದೋನು ನನ್ನ ಮುಖ ನೋಡಿ 'ಅಣ್ಣಾ' ಅಂದ."

ನಾನು ಮಾತಾಡಲಿಲ್ಲ.

"ನಿಮ್ಮಾವನ್ಗೆ ಏಟು ಬಿದ್ದಿದ್ದು ಆಮ್ಯಾಕೆ, ಆಚೆ ಸಾಲ್ನೋರಿಂದ. ಅದು ನಂಗ್ ಗೊತ್ತಾಗಿದ್ದೇ ರಾತ್ರಿ."

"ಅಮ್ಮಂಗೆ ಹೇಳಬಹುದಿತ್ತಲ್ಲ ಅಪ್ಪ? ನಾನಲ್ಲ ಅಂತ?"

"ಏನಂತ ಯೋಳನ? ನಿನ್ ತಮ್ಮನ್ನ ಬುಟ್ಟು ಇನ್ಯಾರ್ದೋ ತಮ್ಮನ್ಗೆ ಹೊಡ್ದೆ ಅಂತ್ಲಾ? ಡ್ಯೂಟಿ ಮಾಡ್ದ ಅಂತ ನಿಮ್ಮಮ್ಮ ಬೈತಿದ್ಲು. ಅದೇ ವಾಸಿ ಅನ್ನುಸ್ತು. ಬೈಸ್ಕೊಂಡೆ."

ಇಪ್ಪತ್ತು ವರ್ಷ ನಾವೆಲ್ಲ ಅಪ್ಪನ ಮೇಲೆ ಒಂದು ತೀರ್ಪು ಬರೆದಿಟ್ಟಿದ್ವಿ. ಈ ಮನುಷ್ಯನಿಗೆ ಮನೆಗಿಂತ ಡ್ಯೂಟಿ ದೊಡ್ಡದು ಅಂತ. ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ಬರಲಿಲ್ಲ, ಅಜ್ಜಿ ತಿಥಿಗೆ ರಜೆ ಸಿಗಲಿಲ್ಲ, ಯುಗಾದಿಯ ಒಬ್ಬಟ್ಟು ಯಾವಾಗಲೂ ಮಾರನೇ ದಿನ ತಂಗಳು ತಿಂದ. ಇದೆಲ್ಲವನ್ನೂ ಆ ಲಾಠಿ ಏಟಿನ ಪಕ್ಕದಲ್ಲಿಟ್ಟು ಒಟ್ಟು ಮೊತ್ತ ಹಾಕಿದ್ವಿ. ಈಗ ನೋಡಿದ್ರೆ, ನಿಜವಾಗಲೂ ಆರಿಸಬೇಕಾಗಿ ಬಂದ ಆ ಒಂದು ಕ್ಷಣದಲ್ಲಿ ಅಪ್ಪ ಆರಿಸಿದ್ದು ಮನೆಯನ್ನ. ನಂಗೆ ಖುಷಿ ಆಗಬೇಕಿತ್ತು. ಆಗಲಿಲ್ಲ. ಸೋಫಾದಲ್ಲಿ ನಮ್ಮಿಬ್ಬರ ಮಧ್ಯೆ ಹದಿನೆಂಟು ವರ್ಷದ ಹುಡುಗ ಒಬ್ಬ ಮೊಣಕಾಲು ಹಿಡ್ಕೊಂಡು ಕೂತಿದ್ದ.

ಆಮೇಲೆ ನಂಗನ್ನಿಸಿದ್ದು ಇಷ್ಟು. ಗೆಬೆಲ್ಸ್ ಇರಲಿ, ಸುಶೀಲ್ ಕುಮಾರ್ ಇರಲಿ, ಸಿನಿಮಾದಲ್ಲಿ ತಕ್ಕಡಿಗೆ ಎರಡೇ ತಟ್ಟೆ. ಈ ಕಡೆ ಡ್ಯೂಟಿ, ಆ ಕಡೆ ಮನೆ. ಕ್ಯಾಮೆರಾ ಹೀರೋ ಮುಖ ಬಿಟ್ಟು ಅಲ್ಲಾಡಲ್ಲ, ನಾವೂ ಅವನ ಸಂಕಟ ನೋಡಿ ಅಳ್ತೀವಿ. ಅವನು ಒಂದು ಕಡೆ ವಾಲಿದಾಗ ಕೆಳಗೆ ಬೀಳೋನು ಮೂರನೆಯವನು. ಅವನಿಗೆ ಹೆಸರಿರಲ್ಲ, ಕ್ಲೋಸಪ್ ಇರಲ್ಲ. ಅಬ್ದುಲ್ ಕರೀಂ ಮಾಡಿದ್ದು ಏನು ಅಂದ್ರೆ, ಇಡೀ ರಾಜ್ಯ ಒಂದು ಕಡೆ ನೋಡ್ತಿದ್ದಾಗ ಆ ಮೂರನೆಯವನ ಪರವಾಗಿ ಎದ್ದು ನಿಂತಿದ್ದು. ಅವರಿಗೆ ಅದು ಮಗನೂ ಹೌದು, ಇಲಾಖೆಯೂ ಹೌದು. ಮನೆ ಮತ್ತೆ ಡ್ಯೂಟಿ ಎರಡೂ ಒಂದೇ ಕಡೆ ಇದ್ದ ಮನುಷ್ಯ, ಆದ್ರೂ ಒಂಟಿ.

ನಮ್ಮ ಆಫೀಸುಗಳಲ್ಲೂ ಇದು ನಡೆಯುತ್ತೆ, ಲಾಠಿ ಇರಲ್ಲ ಅಷ್ಟೇ. ಹೋದ ವರ್ಷ ನನ್ನ ಟೀಮಿನಿಂದ ಇಬ್ಬರನ್ನ ತೆಗೀಬೇಕು ಅಂದಾಗ ನಾನು ನಮ್ಮೂರ ಕಡೆ ಹುಡುಗಿಯೊಬ್ಬಳ ಹೆಸರನ್ನ ಪಟ್ಟಿಯಿಂದ ತೆಗೆಸಿದೆ. ಮಾನವೀಯತೆ ಅಂತ ಬೀಗಿದೆ. ಪಟ್ಟಿಯ ಸಂಖ್ಯೆ ಮಾತ್ರ ಎರಡೇ ಇತ್ತು. ಅವಳ ಜಾಗಕ್ಕೆ ಬಂದ ಹೆಸರು ಯಾರದ್ದು ಅಂತ ನಂಗೆ ಗೊತ್ತು, ಆದ್ರೆ ಅವನಿಗೆ ಆಮೇಲೆ ಒಂದು ಫೋನೂ ಮಾಡಲಿಲ್ಲ. ಅಪ್ಪನ ಮಾತು ಕೇಳಿದ ರಾತ್ರಿ ಅವನ ನಂಬರ್ ತೆಗೆದು ನೋಡಿದೆ. ಹನ್ನೆರಡೂವರೆ ಆಗಿತ್ತು. ಮಾರನೇ ದಿನ ಮಾಡಿದೆ. ಎತ್ತಲಿಲ್ಲ.

ಇದನ್ನ ಬರೀತೀನಿ ಅಂದಾಗ ಅಪ್ಪ ಬೇಡ ಅನ್ನಲಿಲ್ಲ. "ಬರ್ಕೊ. ಊರ್ ಹೆಸ್ರು, ಸ್ಟೇಷನ್ ಹೆಸ್ರು ಬ್ಯಾಡ. ಎಲ್ಲಾ ಕಡೆನೂ ಅಂಗೇ ಇರ್ತದೆ" ಅಂದ. ಅಮ್ಮಂಗೆ ನಾನೇ ಯೋಳ್ತೀನಿ ಅಂದ. ಬಲಗಣ್ಣಿನದ್ದೂ ಆಯ್ತು, ಕಪ್ಪು ಕನ್ನಡಕ ಹಾಕ್ಕೊಂಡು ರೈಲಲ್ಲಿ ಪಾಂಡವಪುರಕ್ಕೆ ಹೋದ.

ನಾಲ್ಕು ದಿನ ಬಿಟ್ಟು ಅಮ್ಮ ಫೋನ್ ಮಾಡಿದಳು. ಕಣ್ಣಿನ ಡ್ರಾಪ್ಸು, ಮನೆ ಬಾಡಿಗೆ, ಮಾವನ ಮಗಳಿಗೆ ಎಂಟನೇ ತಿಂಗಳು, ಎಲ್ಲ ಆಯ್ತು. ಇಡೋ ಹೊತ್ತಿಗೆ, "ನಿಮ್ಮಪ್ಪ ಹೇಳಿದ್ರು" ಅಂದಳು. ನಾನು ಕಾಯ್ತಿದ್ದೆ, ತಮ್ಮನ ಬಗ್ಗೆ ಏನಾದ್ರೂ ಅಂತಾಳೆ ಅಂತ. ಇಪ್ಪತ್ತು ವರ್ಷ ಸುಮ್ಮನೆ ಬೈದೆನಲ್ಲ ಅಂತ ಅಳಬಹುದು ಅಂತ.

ಅಮ್ಮ ಕೇಳಿದ್ದು ಬೇರೆ. "ಆ ಹುಡುಗ ಯಾವೂರೋನಂತೆ? ಅವನ ಕಾಲು ಸರಿಹೋಯ್ತಂತಾ?"